ಆರನೆಯ ಹಾಡಿನ ಅಜ್ಞಾತ ದೋಷ

ಚರ್ಚಾಸ್ಪರ್ಧೆಯಲ್ಲಿ ಪಳಗಿದವರೊಂದಿಗೆ ಒಂದೇ ಸೂರಿನಡಿ ಬಾಳುವುದು ಬಲು ಕಷ್ಟ ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ ಮೂರು ಕಾರಣಗಳನ್ನು ಕೊಡಬಲ್ಲೆ, ಮೂರನ್ನೂ ಕೇಳುವಷ್ಟು ಹೊತ್ತು ನಮ್ಮ ಮನೆಯಲ್ಲಿ ಯಾರೂ ಕೂರುವುದಿಲ್ಲ, ಅಷ್ಟೆ. ಹುಮನಾಬಾದಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ ಮೂರು ವರ್ಷಗಳಲ್ಲಿ ನಾನು ಗೆದ್ದು ತಂದ ಸ್ಟೀಲಿನ ಡಬ್ಬಿಗಳಲ್ಲಿ ನಮ್ಮ ಅಡುಗೆಮನೆಯ ಕಡಲೆಬೇಳೆ, ತೊಗರಿಬೇಳೆ, ಸಾಸಿವೆ ಎಲ್ಲವೂ ವಾಸವಾಗಿವೆ. ಪರವಾಗಿ ಮಾತಾಡಿ ಗೆದ್ದದ್ದರಲ್ಲಿ ಕಡಲೆಬೇಳೆ, ವಿರೋಧವಾಗಿ ಮಾತಾಡಿ ಗೆದ್ದದ್ದರಲ್ಲಿ ತೊಗರಿಬೇಳೆ. ವಿಷಯ ಯಾವುದೇ ಇರಲಿ, ನನ್ನ ಮೊದಲ ವಾಕ್ಯ ಒಂದೇ: "ಇದಕ್ಕೆ ಆಧಾರವೇನು?" ವೇದಿಕೆಯ ಮೇಲೆ ಈ ಪ್ರಶ್ನೆ ಕೇಳಿದರೆ ಎದುರಾಳಿ ತಬ್ಬಿಬ್ಬಾಗುತ್ತಾನೆ. ಮನೆಯಲ್ಲಿ ಕೇಳಿದರೆ, "ಮೊದಲ ಕಸಾ ಹೊಡಿ, ಆಮ್ಯಾಲ ಆಧಾರ ಕೇಳು" ಅನ್ನುತ್ತಾರೆ. ವೇದಿಕೆಗೂ ಮನೆಗೂ ಇನ್ನೊಂದು ವ್ಯತ್ಯಾಸವಿದೆ. ಅಲ್ಲಿ ಸಮಯ ಮುಗಿದ ಕೂಡಲೇ ಗಂಟೆ ಬಾರಿಸಿ ಮಾನ ಉಳಿಸುತ್ತಾರೆ. ಮನೆಯಲ್ಲಿ ಆ ಗಂಟೆ ಇಲ್ಲ. ಸೋತ ಮೇಲೂ ಮಾತಾಡುತ್ತಲೇ ಇರಬೇಕಾಗುತ್ತದೆ.

ನಾನು ಹಾಗೆ ಸೋತ ಕಥೆ ಇದು. ಸೋಲಿಸಿದವಳು ನಮ್ಮ ದೊಡ್ಡವ್ವ, ಅಂದರೆ ದೊಡ್ಡಪ್ಪನ ಹೆಂಡತಿ ಗುರಮ್ಮ. ಕನ್ನಡ ನಾಲ್ಕನೆಯ ಇಯತ್ತೆಯವರೆಗೆ ಓದಿದ್ದಾಳೆ, ಚರ್ಚಾಸ್ಪರ್ಧೆಯನ್ನು ದೂರದಿಂದಲೂ ನೋಡಿದವಳಲ್ಲ.

ನಮ್ಮ ಬಸವಕಲ್ಯಾಣದ ಮನೆಯಲ್ಲೊಂದು ಪದ್ಧತಿ ಇದೆ. ಹೊಸ ವಸ್ತು ಯಾವುದು ಹೊಸ್ತಿಲು ದಾಟಿದರೂ ದೊಡ್ಡವ್ವ ಅದಕ್ಕೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಾಳೆ. ಮಿಕ್ಸರಿಗೆ, ಇಸ್ತ್ರಿಪೆಟ್ಟಿಗೆಗೆ, ಅಪ್ಪನ ಸ್ಕೂಟರಿಗೆ, ಒಮ್ಮೆ ಗೊತ್ತಿಲ್ಲದೆ ಗೋಡೆಗಾನಿಸಿ ನಿಲ್ಲಿಸಿದ್ದ ಪಕ್ಕದ ಮನೆಯವರ ಸೈಕಲ್ಲಿಗೂ. ಎರಡು ಸಾವಿರದ ಆರೋ ಏಳೋ ಇಸವಿಯಲ್ಲಿ ನನ್ನ ಓದಿಗೆಂದು ಮನೆಗೆ ಕಂಪ್ಯೂಟರ್ ಬಂದಾಗ ಅವಳು ವಿಭೂತಿಯ ಬಟ್ಟಲು ಹಿಡಿದು ತಯಾರಾಗಿ ನಿಂತಿದ್ದಳು. ನಾನು ಅಡ್ಡ ನಿಂತೆ. ಪುಡಿ ಒಳಗೆ ಹೋದರೆ ಯಂತ್ರ ಕೆಡುತ್ತದೆ ಎಂಬುದು ನನ್ನ ಮೊದಲ ವಾದ. ವಿಭೂತಿ ಕಂಡ ಮಿಕ್ಸರ್ ಎರಡು ಸಲ ಸುಟ್ಟಿದೆ ಎಂಬುದು ಎರಡನೆಯದು. ಶಿವನಿಗೆ ಕಂಪ್ಯೂಟರ್ ಬರುತ್ತದೆಂಬುದಕ್ಕೆ ಆಧಾರವಿಲ್ಲ ಎಂಬುದು ಮೂರನೆಯದು. ದೊಡ್ಡವ್ವ ಬಟ್ಟಲು ಹಿಡಿದುಕೊಂಡೇ ಪೂರ್ತಿ ಕೇಳಿದಳು.

"ಆತವಾ ಲೀಲಾ. ನಿನ್ನ ಮಶೀನಿಗೆ ಹಚ್ಚಂಗಿಲ್ಲ. ಮಾತ್ ಕೊಟ್ಟೇನಿ."

ಇಷ್ಟು ಸುಲಭವಾಗಿ ಗೆದ್ದದ್ದಕ್ಕೆ ನನಗೇ ಸ್ವಲ್ಪ ನಾಚಿಕೆಯಾಯಿತು. ನನ್ನ ಪೂರ್ತಿ ಹೆಸರು ಶಿವಲೀಲಾ ಎಂಬುದನ್ನು ಈ ಸಂದರ್ಭದಲ್ಲಿ ಹೇಳಬಾರದಿತ್ತು, ಆದರೆ ಎದುರು ಪಕ್ಷದ ಸಾಕ್ಷ್ಯವನ್ನು ಮುಚ್ಚಿಡುವುದು ಚರ್ಚೆಯ ನೀತಿಯಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ದೊಡ್ಡವ್ವ ನಮ್ಮ ಓಣಿಯ ಭಜನೆ ಮೇಳದ ಮುಂದಾಳು. ಮುಂದಾಳಾಗಿದ್ದಳು ಅನ್ನಬೇಕು. ಶ್ರಾವಣದ ಸೋಮವಾರಗಳಂದು ಮಠದಲ್ಲಿ ಹೆಂಗಸರೆಲ್ಲ ಕೂತು ಹಾಡುವಾಗ ಅವಳು ಎತ್ತಿಕೊಟ್ಟ ಸಾಲನ್ನು ಉಳಿದ ಹದಿನೈದು ಮಂದಿ ಹಿಡಿಯುತ್ತಿದ್ದರು. ಅವಳ ಅತ್ತೆ ಕಟ್ಟಿದ ಹಾಡುಗಳು, ಎಲ್ಲಿಯೂ ಅಚ್ಚಾಗಿಲ್ಲ. ಒಮ್ಮೆ ಮೇಳದವರೆಲ್ಲ ಉತ್ಸಾಹದಿಂದ ಹುಮನಾಬಾದಿಗೆ ಹೋಗಿ, ಅಲ್ಲಿ ಒಬ್ಬರು ಮನೆಯ ಕೋಣೆಗೆ ಗೋಣಿತಟ್ಟು ಬಡಿದು ನಡೆಸುತ್ತಿದ್ದ ಸ್ಟುಡಿಯೋದಲ್ಲಿ ಹತ್ತು ಹಾಡುಗಳನ್ನು ಧ್ವನಿಮುದ್ರಣ ಮಾಡಿಸಿ ಸಿಡಿ ಮಾಡಿಸಿದ್ದರು. ಅದರ ಮರುವರ್ಷ ಸೊಲ್ಲಾಪುರದಲ್ಲಿ ದೊಡ್ಡವ್ವನ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಜೀವಕ್ಕೇನೂ ಆಗಲಿಲ್ಲ, ದನಿ ಮಾತ್ರ ಹೋಯಿತು. ಉಳಿದದ್ದು ಒಣಗಿದ ಜೋಳದ ಎಲೆ ಉಜ್ಜಿದಂಥ ಪಿಸುಮಾತು. ಸಿಡಿಯ ಪ್ರತಿಗಳು ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ರೀತಿ ಸತ್ತವು. ಒಬ್ಬರು ಬಿಸಿ ಚಹದ ಲೋಟ ಇಟ್ಟರು, ಒಬ್ಬರ ಮೊಮ್ಮಗ ಚಕ್ರ ಮಾಡಿ ಉರುಳಿಸಿದ. ಸ್ಟುಡಿಯೋದವರನ್ನು ಹುಡುಕಿಕೊಂಡು ಹೋದರೆ ಅವರು ಸ್ಟುಡಿಯೋ ಮುಚ್ಚಿ ಹಳ್ಳಿಖೇಡದ ಸಕ್ಕರೆ ಕಾರ್ಖಾನೆ ಸೇರಿದ್ದರು. ಕಬ್ಬಿನ ಟ್ರ್ಯಾಕ್ಟರುಗಳ ನಂಬರನ್ನು ಮೈಕಿನಲ್ಲಿ ಕೂಗುವ ಕೆಲಸ. "ಹಳೇ ಕಂಪ್ಯೂಟರ್ ಮಾರಿಬಿಟ್ಟೇನ್ರಿ, ಹಾಡೂ ಅದರ ಜೋಡಿ ಹೋದ್ವು" ಎಂದರಂತೆ. ಹೀಗೆ ದೊಡ್ಡವ್ವನ ದನಿ ಜಗತ್ತಿನಲ್ಲಿ ಉಳಿದದ್ದು ನಮ್ಮ ಮನೆಯ ದೇವರ ಜಗಲಿಯ ಮೇಲಿದ್ದ ಒಂದೇ ಒಂದು ಸಿಡಿಯಲ್ಲಿ.

ಆ ವರ್ಷ ಶ್ರಾವಣಕ್ಕೆ ಎರಡು ವಾರವಿರುವಾಗ ಮೇಳದ ಶರಣಮ್ಮಕ್ಕ ಬಂದು ಕೂತಳು. ದೊಡ್ಡವ್ವ ಇಲ್ಲದೆ ಹಾಡಿ ಹಾಡಿ ಅವರ ಶ್ರುತಿ ಎಲ್ಲಿಂದೆಲ್ಲಿಗೋ ಹೋಗಿತ್ತು. "ನೀ ಎತ್ತಿಕೊಡಲಿಲ್ಲಂದ್ರ ನಮ್ಮ ಹಾಡು ಸಂತಿ ಆಗ್ಯದ ನೋಡು ಗುರಮ್ಮಕ್ಕಾ. ನಿನ್ನ ಸಿಡಿ ಹಚ್ಚತೀವಿ, ಅದರ ಹಿಂದ ನಾವು ಹಾಡತೀವಿ." ಆದರೆ ಮಠದ ಹಳೆಯ ಸಿಡಿ ಪ್ಲೇಯರ್ ತೀರಿಹೋಗಿ ಹೊಸ ಆಂಪ್ಲಿಫೈಯರ್ ಬಂದಿತ್ತು. ಅದಕ್ಕೆ ಪೆನ್‌ಡ್ರೈವ್ ಮಾತ್ರ ರುಚಿಸುತ್ತಿತ್ತು. ಹಾಡುಗಳನ್ನು ಸಿಡಿಯಿಂದ ಕಂಪ್ಯೂಟರಿಗೆ ಇಳಿಸಿ ಎಂಪಿತ್ರೀ ಮಾಡಬೇಕು. ದೊಡ್ಡವ್ವ ನನ್ನ ಕಡೆ ನೋಡಿದಳು. ಬೇಕೆಂದು ಬಾಯಿಬಿಟ್ಟು ಕೇಳುವ ಹೆಂಗಸಲ್ಲ. ಬಾಯಿಬಿಟ್ಟರೂ ಈಗ ಕೇಳಿಸುತ್ತಿರಲಿಲ್ಲ. "ಅರ್ಧ ತಾಸಿನ ಕೆಲಸ" ಎಂದೆ. ಆಧಾರವಿಲ್ಲದೆ ನಾನು ಆಡಿದ ಮೊದಲ ಮಾತು ಅದು.

ಸಿಡಿಯ ಹಾಡನ್ನು ಫೈಲು ಮಾಡುವ ಸಾಫ್ಟ್‌ವೇರನ್ನು ನೀವು ಬಳಸಿದ್ದೀರೋ ಇಲ್ಲವೋ. ಕಿಟಕಿಯಲ್ಲಿ ಹತ್ತು ಹಾಡುಗಳ ಪಟ್ಟಿ ಬರುತ್ತದೆ, ಒಂದೊಂದರ ಮುಂದೆ ಹಸಿರು ಪಟ್ಟಿ ಮೆಲ್ಲಗೆ ತುಂಬುತ್ತದೆ. ನೋಡುತ್ತ ಕೂತರೆ ಹಾಲು ಉಕ್ಕುವುದನ್ನು ಕಾಯುವಂಥ ಸುಖ. ದೊಡ್ಡವ್ವ ಜಗಲಿಯಿಂದ ಸಿಡಿಯನ್ನು ಎರಡೂ ಕೈಯಲ್ಲಿ ತಂದು ಕೊಟ್ಟಳು. ಮೇಲ್ಬದಿಯಲ್ಲಿ ಅಂಟಿಸಿದ ಕಾಗದದ ಮೇಲೆ ಮಠದ ಹಿರಿಯ ಸ್ವಾಮಿಗಳು, ನಾವೆಲ್ಲ ಅಪ್ಪಾ ಎನ್ನುವವರ ಚಿತ್ರ, ಸುತ್ತ ಹಾಡುಗಳ ಹೆಸರು. ಅಂಚು ಹಿಡಿದು ಮೆಲ್ಲಗೆ ಒಳಗಿಟ್ಟೆ. ಹೊಳೆಯುವ ಬದಿಯನ್ನು ಮುಟ್ಟಬಾರದು ಎಂದು ಓದಿದ್ದೆನಾದ್ದರಿಂದ ಮುಟ್ಟಲಿಲ್ಲ. ಮುಟ್ಟಬಾರದ್ದನ್ನು ನೋಡಲೂ ಇಲ್ಲ. ಎಂಟು ಹಾಡು ಸರಾಗವಾಗಿ ಇಳಿದವು. ಒಂಬತ್ತನೆಯದರ ನಡುವೆ ಹಸಿರು ಪಟ್ಟಿ ನಿಂತಿತು. ಒಳಗೆ ಸಿಡಿ ಅಕ್ಕಿ ಕೇರಿದ ಹಾಗೆ ಸದ್ದು ಮಾಡಿತು. ಪರದೆಯ ಮೇಲೆ ಒಂದು ಪೆಟ್ಟಿಗೆ ಬಂದು "ಅಜ್ಞಾತ ದೋಷ" ಎಂಬರ್ಥದ ಇಂಗ್ಲಿಷ್ ಮಾತು ಹೇಳಿತು. ಕೆಲಸ ಪೂರ್ತಿಯಾಗದಿದ್ದರೆ ಇಳಿದ ಹಾಡುಗಳನ್ನೂ ಅಳಿಸಿಹಾಕುವುದು ಆ ಸಾಫ್ಟ್‌ವೇರಿನ ಶಿಸ್ತು. ಎಂಟೂ ಹೋದವು.

ಅಜ್ಞಾತ ದೋಷ! ಯಾವ ಸ್ಪರ್ಧೆಯಲ್ಲಾದರೂ ಹೀಗೆ ಹೇಳಿ ಪಾರಾಗಲು ಬಿಡುತ್ತಾರೆಯೇ? ದೋಷವಿದೆ ಅನ್ನುವವನು ದೋಷ ಏನೆಂದು ಹೇಳಬೇಕು. ನಾನು ಸಿಡಿ ತೆಗೆದು ದೊಡ್ಡವ್ವನ ಕೈಗೆ ಕೊಟ್ಟೆ, ಸಾಫ್ಟ್‌ವೇರನ್ನು ಕಿತ್ತುಹಾಕಿ ಮತ್ತೆ ಹಾಕಿದೆ.

"ಬರಲಿಲ್ಲೇನವಾ?"

"ಇನ್ನೊಮ್ಮೆ ನೋಡೂಣು ದೊಡ್ಡವ್ವಾ. ಸಾಫ್ಟ್‌ವೇರ್ ಸರಿ ಇಲ್ಲ."

ಮರುದಿನ ಅವಳು ಮತ್ತೆ ಜಗಲಿಯಿಂದ ಸಿಡಿ ತಂದಳು. ಈ ಸಲ ಏಳನೆಯ ಹಾಡಿಗೇ ನಿಂತಿತು. ಹೊಸ ಆವೃತ್ತಿ ಹಾಕಿದೆ, ಆರಕ್ಕೆ ನಿಂತಿತು. ಹಳೆಯ ಆವೃತ್ತಿ ಹುಡುಕಿ ಹಾಕಿದೆ, ನಾಲ್ಕು. ವೇಗ ಕಡಿಮೆ ಮಾಡಿದೆ, ಮೂರು. "ತಪ್ಪು ತಿದ್ದುವ ಕ್ರಮ" ಎಂಬುದನ್ನು ಆರಿಸಿದೆ. ಅದು ಮುಗಿಯಲು ಹನ್ನೊಂದು ತಾಸು ಬೇಕೆಂದಿತು. ನಮ್ಮೂರಿನಲ್ಲಿ ಕರೆಂಟು ಸತತವಾಗಿ ಹನ್ನೊಂದು ತಾಸು ಇದ್ದ ದಿನವನ್ನು ನನಗೆ ತಿಳಿದ ಹಿರಿಯರು ಯಾರೂ ನೆನಪಿಟ್ಟಿರಲಿಲ್ಲ. ನಾನು ವಿಜ್ಞಾನದ ವಿದ್ಯಾರ್ಥಿನಿ. ನೋಟ್‌ಬುಕ್ಕಿನಲ್ಲಿ ಪ್ರತಿ ಪ್ರಯತ್ನವನ್ನೂ ಬರೆದು ಆಲೇಖ ಎಳೆದೆ. ಗೆರೆ ಮೆಟ್ಟಿಲಿಳಿದ ಹಾಗೆ ಕೆಳಗೆ ಬಂತು. ಪ್ರತಿ ಸಲವೂ ಮೊದಲಿಗಿಂತ ಕೆಟ್ಟದಾಗುತ್ತಿರುವುದಕ್ಕೆ ಈಗ ಲಿಖಿತ ಆಧಾರವಿತ್ತು. ಇದರಿಂದ ನಾನು ತೆಗೆದ ನಿರ್ಣಯ: ಮನುಷ್ಯರು ಒಂದು ಸಾಫ್ಟ್‌ವೇರನ್ನು ತಿದ್ದಿದಷ್ಟೂ ಅದು ಕೆಡುತ್ತದೆ. ಈ ನಿರ್ಣಯವನ್ನು ಊಟದ ಹೊತ್ತಿಗೆ ಮನೆಯವರೆಲ್ಲರ ಮುಂದೆ ಮಂಡಿಸಿದೆ. ದೊಡ್ಡವ್ವ ರೊಟ್ಟಿ ಹಾಕುತ್ತ ಪಿಸುಗುಟ್ಟಿದಳು, "ನಾನೂ ನನ್ನ ಕೈಲಾದದ್ದು ಮಾಡಾಕತ್ತೇನವಾ." ಅವಳು ದೇವರಲ್ಲಿ ಬೇಡಿಕೊಳ್ಳುತ್ತಿದ್ದಾಳೆಂದು ತಿಳಿದು ನಾನು ನಕ್ಕೆ. ಆ ನಗೆಯನ್ನು ಹಿಂದಕ್ಕೆ ಪಡೆಯಲು ಈಗ ಅವಕಾಶವಿದ್ದರೆ ಪಡೆಯುತ್ತಿದ್ದೆ.

ಮೊದಲ ಸೋಮವಾರ ಹತ್ತಿರ ಬಂತು. ಕಂಪ್ಯೂಟರಿನ ಡಬ್ಬಿಯನ್ನು ಹಳೆಯ ಚಾದರದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಹುಮನಾಬಾದ್ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಅಜ್ಜಿ ಸಸ್ತಾಪುರ ಬಂಗ್ಲಾ ಸ್ಟಾಪು ಬರುವ ತನಕ ನೋಡಿ ನೋಡಿ, "ಎಷ್ಟ್ ತಿಂಗಳದ್ದದ ತಂಗೀ ಕೂಸು? ಉಸಿರಾಡ್ಲಿ, ಜರಾ ಮಾರಿ ತಗಿ" ಎಂದಳು. ಹುಮನಾಬಾದಿನಲ್ಲಿ ಕಾಲೇಜಿನ ಹಾದಿಯಲ್ಲೇ ರಶೀದ್ ಭಾಯಿಯ ಇಂಟರ್ನೆಟ್ ಅಂಗಡಿ. ಕಂಪ್ಯೂಟರ್ ದುರಸ್ತಿಯಲ್ಲಿ ಪಳಗಿದ ಕೈ. ಅದಕ್ಕಿಂತ ಹೆಚ್ಚಾಗಿ, ನನ್ನೊಂದಿಗೆ ವಾದಕ್ಕಿಳಿದೂ ಸಿಟ್ಟಾಗದ ತಾಲ್ಲೂಕಿನ ಏಕೈಕ ಮನುಷ್ಯ. ತನ್ನದೊಂದು ಸಿಡಿ ಹಾಕಿ ನೋಡಿದ. ಹನ್ನೆರಡು ಹಾಡುಗಳು ಒಂದೂ ತಡವರಿಸದೆ ಇಳಿದವು.

"ನಿಮ್ಮ ಸಾಫ್ಟ್‌ವೇರ್ ಏಕದಂ ಬರೋಬರ್ ಅದರಿ ಅಕ್ಕಾ. ಡ್ರೈವೂ ಬರೋಬರ್ ಅದ, ಲೆನ್ಸಿನ ಮ್ಯಾಲ ಒಂದೀಟು ಧೂಳಿತ್ತು, ಒರಸೇನಿ. ನಿಮ್ಮ ಸಿಡಿ ಎಲ್ಯದ?"

"ಮನ್ಯಾಗ. ದೇವರ ಜಗಲಿ ಮ್ಯಾಲ."

"ಜಗಲಿ ಮ್ಯಾಲ ಯಾಕ್ರಿ?"

"ಅದು ಬ್ಯಾರೆ ಚರ್ಚಾ. ಒಂದು ಸಿಡಿ ಬಂತಂದ್ರ ಸಾಫ್ಟ್‌ವೇರ್ ಸರಿ ಅದ ಅಂತ ಹ್ಯಾಂಗ ಹೇಳತೀರಿ ರಶೀದ್ ಭಾಯಿ? ಒಂದೇ ಉದಾಹರಣಿ ಆಧಾರ ಆಗಂಗಿಲ್ಲ."

ಅವನು ಇನ್ನೂ ಮೂರು ಸಿಡಿ ಹಾಕಿದ. ಮೂರೂ ಇಳಿದವು. ನಾನು ಆಲೇಖ ತೋರಿಸಿದೆ. ಅವನು ಅದನ್ನು ಆಚೀಚೆ ತಿರುಗಿಸಿ ನೋಡಿದ. "ಅಕ್ಕಾ, ಬೀಮಾರಿ ಇದ್ದವರನ್ನ ಮನ್ಯಾಗ ಬಿಟ್ಟು ಅವರ ಖಾಟ್ ತಗೊಂಡು ದವಾಖಾನಿಗೆ ಬಂದೀರಿ. ನಾಳಿ ಸಿಡಿ ತಗೊಂಡ್ ಬರ್ರಿ."

ಸಿಡಿ ಹುಮನಾಬಾದಿಗೆ ಹೋಗುತ್ತದೆಂದು ಕೇಳಿ ದೊಡ್ಡವ್ವನ ಮುಖ ಸಣ್ಣದಾಯಿತು. "ಇರೂದು ಒಂದ ನೋಡವಾ. ಅದೂ ಹೋತಂದ್ರ ನಾ ಪೂರ್ತಿ ಮೂಕಿ ಆದೆ" ಎಂದಳು. ಅವಳು ಹಾಗೆ ಹೇಳಿದ್ದು ಅದೇ ಮೊದಲು. ಬೆಳಿಗ್ಗೆ ಅವಳು ಸಿಡಿಯನ್ನು ರೇಷ್ಮೆಯ ಕುಬಸದ ಕಣದಲ್ಲಿ, ಅಂದರೆ ಹೊಲಿಸದ ರವಿಕೆ ಬಟ್ಟೆಯಲ್ಲಿ, ಸುತ್ತಿ ಕೊಟ್ಟಳು. ದಾರಿಯುದ್ದಕ್ಕೂ ಅದನ್ನು ಎದೆಗೊತ್ತಿ ಹಿಡಿದಿದ್ದೆ.

ರಶೀದ್ ಭಾಯಿ ಕಣ ಬಿಚ್ಚಿ, ಸಿಡಿಯನ್ನು ಹಿಂದುಮುಂದಾಗಿ ತಿರುಗಿಸಿ ಟ್ಯೂಬ್‌ಲೈಟಿಗೆ ಹಿಡಿದ. ಮೂಗಿನ ಹತ್ತಿರ ತಂದು ಮೂಸಿದ. ನನ್ನ ಕಡೆ ನೋಡಿದ.

"ಅಕ್ಕಾ, ಇದೇನ್ರಿ?"

ಹೊಳೆಯುವ ಬದಿಯ ಮೇಲೆ, ನಡುವಿನ ತೂತಿನ ಎಡಬಲಕ್ಕೆ, ಅಚ್ಚುಕಟ್ಟಾಗಿ ಮೂರು ಬಿಳಿಯ ಗೆರೆಗಳು. ಅವುಗಳ ಕೆಳಗೆ ಒರೆಸಿದ ಹಳೆಯ ಗೆರೆಗಳ ಮಂಜು, ಅದರ ಕೆಳಗೆ ಇನ್ನೂ ಹಳೆಯ ಗೆರೆಗಳದ್ದು. ಶಾಸನ ಓದುವವರು ನೋಡಿದ್ದರೆ ಕಾಲಮಾನ ನಿರ್ಣಯಿಸುತ್ತಿದ್ದರು. ನನ್ನ ಆಲೇಖದ ಪ್ರತಿಯೊಂದು ಮೆಟ್ಟಿಲೂ ಅಲ್ಲಿತ್ತು. ನಾನು "ಇನ್ನೊಮ್ಮೆ" ಅಂದಾಗಲೆಲ್ಲ ದೊಡ್ಡವ್ವ ಹಳೆಯದನ್ನು ಜರಿ ಸೆರಗಿನಿಂದ ಒರೆಸಿ ಹೊಸದಾಗಿ ಹಚ್ಚಿದ್ದಾಳೆ. ಕೆಟ್ಟಷ್ಟೂ ಭಕ್ತಿ ಹೆಚ್ಚಾಗಿದೆ, ಭಕ್ತಿ ಹೆಚ್ಚಿದಷ್ಟೂ ಕೆಟ್ಟಿದೆ. ಪ್ರಯಾಣಕ್ಕೆಂದು ಇವತ್ತು ಬೆಳಿಗ್ಗೆ ದಪ್ಪಗೆ ಎಳೆದಿದ್ದಾಳೆ.

ನಾನು ತಲೆ ತಗ್ಗಿಸಿ ಕೂತದ್ದನ್ನು ನೋಡಿ ರಶೀದ್ ಭಾಯಿ ಸಮಾಧಾನ ಹೇಳಿದ. "ಶರಮ್ ಯಾಕ್ರಿ ಅಕ್ಕಾ? ನಮ್ಮ ಅಮ್ಮಿ ಈ ಅಂಗಡಿ ಮಶೀನಿಗೆಲ್ಲಾ ದರ್ಗಾದ ದಾರ ಕಟ್ಟ್ಯಾಳ. ಒಂದು ದಾರ ಫ್ಯಾನಿನಾಗ ಸಿಕ್ಕೊಂಡು ಮಶೀನ್ ಬಂದ್ ಬಿತ್ತು. ಅಮ್ಮಿ ಏನಂದ್ಲು ಗೊತ್ತದೇನ್ರಿ? ದಾರ ಸಣ್ಣದಾಗ್ಯದ, ದಪ್ಪಂದು ಕಟ್ಟೂಣು ಅಂದ್ಲು."

ಅವನು ಒಂದು ಹನಿ ಸಾಬೂನು ನೀರು ಹಾಕಿ, ಮೆತ್ತನೆಯ ಅರಿವೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿ ಸಿಡಿ ಹಾಕಿದ. ಒಂದು, ಎರಡು, ಮೂರು. ಹಸಿರು ಪಟ್ಟಿ ತುಂಬುತ್ತ ಹೋಯಿತು. ಆರನೆಯ ಹಾಡಿನಲ್ಲಿ ಮತ್ತೆ ಅಕ್ಕಿ ಕೇರುವ ಸದ್ದು. ವಿಭೂತಿ ಹೋಗಿತ್ತು, ಆದರೆ ಜರಿ ಸೆರಗು ಉಜ್ಜಿದಲ್ಲಿ ಒಂದು ಗೀರು ಉಳಿದಿತ್ತು. ರಶೀದ್ ಭಾಯಿಯ ಸಾಫ್ಟ್‌ವೇರು ನನ್ನದಕ್ಕಿಂತ ದಯಾಳು. ದೋಷವನ್ನು ಕಡೆಗಣಿಸಿ ಮುಂದುವರಿಯಲೇ ಎಂದು ಕೇಳಿತು. ದೋಷವನ್ನು ಎಂದೂ ಕಡೆಗಣಿಸದ ನಾನು, ಹೊರಗೆ ಬಸವಕಲ್ಯಾಣದ ಬಸ್ಸಿನ ಹಾರ್ನು ಕೇಳಿ, ಹೌದು ಎಂದು ಒತ್ತಿದೆ.

ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡೆ. ಪೀಠಿಕೆ, ಆರೋಪ, ಸಾಕ್ಷ್ಯ, ಉಪಸಂಹಾರ. ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಶುರು ಮಾಡಿದೆ.

"ದೊಡ್ಡವ್ವಾ, ವಿಭೂತಿ ಹಚ್ಚಬ್ಯಾಡಂತ ನಾ ಹೇಳಿದ್ನೋ ಇಲ್ಲೋ?"

"ಮಶೀನಿಗೆ ಹಚ್ಚಬ್ಯಾಡ ಅಂದಿದ್ದಿ. ಮಶೀನಿಗೆ ಹಚ್ಚೀನೇನು?"

"ಸಿಡಿಗೆ ಯಾಕ ಹಚ್ಚಿದಿ ಮತ್ತ?"

"ಸಿಡಿ ಮಾತು ನೀ ತಗದಿದ್ದೇನು?"

"ಹಿಂದಿನ ಮಗ್ಗಲಿಗೆ ಹಚ್ಚೀದಿ!"

"ಮುಂದ ಒಮ್ಮೆ ಹಚ್ಚಿದ್ನೆವಾ, ಅಪ್ಪಾರ ಮೂಗು ಅಳಸಾಕ ಹತ್ತಿತು. ಹಿಂದ ನೋಡಿದ್ರ ಬರೇ ಕನ್ನಡಿ, ಏನೂ ಬರದಿಲ್ಲ. ಹಾಡಿನ ಹೆಸರೆಲ್ಲಾ ಮುಂದ ಬರದಾರ. ಹಾಡು ಹಿಂದ ಹ್ಯಾಂಗಿರ್ತಾವ?"

ಹೆಸರು ಇದ್ದಲ್ಲಿ ಹಾಡು ಇರಬೇಕೆನ್ನುವುದು ತರ್ಕಕ್ಕೆ ಎಷ್ಟು ಸರಿಯಾಗಿದೆ ಎಂದರೆ, ತಪ್ಪು ಸಿಡಿ ಮಾಡಿದವರದ್ದೇ ಎಂದು ಒಂದು ಕ್ಷಣ ಅನ್ನಿಸಿತು. ವಿಷಯದ ಚೌಕಟ್ಟು ಬಿಟ್ಟು ಆಚೆ ಮಾತಾಡಬಾರದು ಎನ್ನುವುದು ಚರ್ಚೆಯ ಮೊದಲ ನಿಯಮ. ಚೌಕಟ್ಟು ಹಾಕಿದವಳು ನಾನು. ಅದರೊಳಗೆ ನಿಷ್ಠೆಯಿಂದ ನಿಂತವಳು ಅವಳು. ಬಾರಿಸಲು ಗಂಟೆ ಇರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋದೆ.

ಸೋಮವಾರ ಮಠದಲ್ಲಿ ಪೆನ್‌ಡ್ರೈವ್ ಸಿಕ್ಕಿಸಿದರು. ಮೊದಲು ಗೋಣಿತಟ್ಟಿನ ಕೋಣೆಯ ಮೌನ, ಆಮೇಲೆ ದೊಡ್ಡವ್ವನ ದನಿ. ನಾನು ಮರೆತೇಬಿಟ್ಟಿದ್ದ ದನಿ. ಸಾಲಿನ ಕೊನೆಗೆ ಬಂದಾಗ ಸ್ವಲ್ಪ ಎತ್ತಿ, ಬೇರೆಯವರಿಗೆ ಬಾಗಿಲು ಹಿಡಿದು ನಿಂತ ಹಾಗೆ ಒಂದು ಗಳಿಗೆ ಕಾಯುವ ದನಿ. ಹದಿನೈದು ಮಂದಿ ಒಳಗೆ ಬಂದರು. ಶ್ರುತಿ ನೆಟ್ಟಗಾಯಿತು. ದೊಡ್ಡವ್ವ ಕಂಬಕ್ಕೊರಗಿ ಕೂತು ತುಟಿ ಮಾತ್ರ ಆಡಿಸುತ್ತಿದ್ದಳು. ನಾನು ಅವಳ ಕಡೆ ನೋಡದೆ ಆಂಪ್ಲಿಫೈಯರಿನ ಕೆಂಪು ದೀಪವನ್ನು ಬಹಳ ವೈಜ್ಞಾನಿಕವಾಗಿ ನೋಡುತ್ತ ಕೂತೆ.

ಆರನೆಯ ಹಾಡು ಬಂತು. "ಒಮ್ಮೆ ಬಂದು ಹೋಗೋ ಗುರುವೆ ನಮ್ಮ ಓಣಿಗೆ" ಎಂದು ಅದರ ಪಲ್ಲವಿ. ಎರಡನೆಯ ಸಲ ಪಲ್ಲವಿಗೆ ಬಂದಾಗ ಗೀರು ಸಿಕ್ಕಿತು. "ಒಮ್ಮೆ ಬಂದು, ಒಮ್ಮೆ ಬಂದು, ಒಮ್ಮೆ ಬಂದು ಹೋಗೋ ಗುರುವೆ" ಎಂದಿತು ದೊಡ್ಡವ್ವನ ದನಿ. ಹದಿನೈದು ಮಂದಿಯೂ ಒಂದಿಷ್ಟೂ ತಡವರಿಸದೆ, "ಒಮ್ಮೆ ಬಂದು, ಒಮ್ಮೆ ಬಂದು, ಒಮ್ಮೆ ಬಂದು ಹೋಗೋ ಗುರುವೆ" ಎಂದು ಹಾಡಿದರು. ಮುಂದಿನ ಸೋಮವಾರ ಆ ಜಾಗಕ್ಕೆ ಮೂರು ಚಪ್ಪಾಳೆ ಸೇರಿತು. ಅದರ ಮುಂದಿನ ಸೋಮವಾರ ಮೂರನೆಯ "ಒಮ್ಮೆ"ಗೆ ಎಲ್ಲರೂ ಕಣ್ಣು ಮುಚ್ಚುತ್ತಿದ್ದರು. ನಾನು ಶರಣಮ್ಮಕ್ಕನನ್ನು ಪಕ್ಕಕ್ಕೆ ಕರೆದು, ಇದು ಗೀರು, ಸಾಫ್ಟ್‌ವೇರು ದೋಷ ಕಡೆಗಣಿಸಿದ್ದರಿಂದ ಆದದ್ದು, ಮೂಲದಲ್ಲಿ ಹೀಗಿಲ್ಲ ಎಂದು ಆಧಾರಸಮೇತ ವಿವರಿಸಿದೆ. ಅವಳು ತಾಳ್ಮೆಯಿಂದ ಕೇಳಿ, "ಒಂದೇ ಸಲ ಕರದ್ರ ಯಾರ್ ಬರ್ತಾರ ತಂಗೀ?" ಎಂದಳು. ರಾಜ್ಯಮಟ್ಟದ ಸ್ಪರ್ಧೆಯಲ್ಲೂ ನನಗೆ ಇಂಥ ಪ್ರತಿವಾದ ಎದುರಾಗಿರಲಿಲ್ಲ.

ಸುಮ್ಮನಿರಬಹುದಿತ್ತು. ಸುಮ್ಮನಿರುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಸಿಡಿಯನ್ನು ಮತ್ತೆ ರಶೀದ್ ಭಾಯಿಯ ಬಳಿ ಒಯ್ದೆ. ಅವನು ಗೀರಿನ ಮೇಲೆ ಬಿಳಿಯ ಹಲ್ಲಿನ ಪೇಸ್ಟ್ ಹಚ್ಚಿ ಮೆಲ್ಲಗೆ ತಿಕ್ಕತೊಡಗಿದ.

"ಇದಕ್ಕೇನಾರ ಆಧಾರ ಅದೇನ್ರಿ ರಶೀದ್ ಭಾಯಿ?"

"ಆಧಾರ ಗೀಧಾರ ಇಲ್ರಿ ಅಕ್ಕಾ. ನಂಬಿಕಿ."

ಬಿಳಿ ಹಚ್ಚಿ ಕೆಟ್ಟದ್ದು ಬಿಳಿ ಹಚ್ಚಿ ಸರಿಹೋಯಿತು. ಹತ್ತೂ ಹಾಡುಗಳು ದೋಷವಿಲ್ಲದೆ ಇಳಿದವು. ಶ್ರಾವಣದ ಕೊನೆಯ ಸೋಮವಾರ ಹೊಸ ಪೆನ್‌ಡ್ರೈವನ್ನು ಸಂಭ್ರಮದಿಂದ ಸಿಕ್ಕಿಸಿದೆ. ಆರನೆಯ ಹಾಡಿನಲ್ಲಿ ದೊಡ್ಡವ್ವನ ದನಿ "ಒಮ್ಮೆ ಬಂದು ಹೋಗೋ" ಎಂದು ಸರಾಗವಾಗಿ ಮುಂದೆ ಹೋಯಿತು. ಹದಿನೈದು ಮಂದಿ ಚಪ್ಪಾಳೆಗೆ ಎತ್ತಿದ ಕೈ ಎತ್ತಿದಂತೆಯೇ ಹಿಂದೆ ಉಳಿದರು. ಹಾಡು ಮುರಿದುಬಿತ್ತು. ಶರಣಮ್ಮಕ್ಕ ನನ್ನ ಕಡೆ ತಿರುಗಿ, "ಏನರ ಕೆಟ್ಟದ ನೋಡವಾ ತಂಗೀ ಇದರಾಗ. ಒಮ್ಮೇ ಅನ್ನಾಕತ್ತದ" ಎಂದಳು.

ನಾನು ದೊಡ್ಡವ್ವನ ಕಡೆ ನೋಡಿದೆ. ಮೂಲ ಗಾಯಕಿ, ಕೊನೆಯ ತೀರ್ಪು ಅವಳದ್ದೇ. ಅವಳು ಕೈಸನ್ನೆ ಮಾಡಿ ಹತ್ತಿರ ಕರೆದು ಕಿವಿಯಲ್ಲಿ ಪಿಸುಗುಟ್ಟಿದಳು, "ಹಳೇದನ್ನ ಹಚ್ಚವಾ. ನನಗೂ ಮೂರು ಸಲ ಅಂದಂಗೇ ನೆನಪದ."

ಹಳೆಯ ಪೆನ್‌ಡ್ರೈವ್ ನನ್ನ ಚೀಲದಲ್ಲೇ ಇತ್ತು. ತೆಗೆದು ಸಿಕ್ಕಿಸಿದೆ. ಗೀರು ಬಂದಾಗ ಮಠದಲ್ಲಿ ಮೂರು ಚಪ್ಪಾಳೆ ಬಿದ್ದವು. ಅವುಗಳಲ್ಲಿ ಒಂದು ಜೊತೆ ಕೈ ನನ್ನದೂ ಆಗಿತ್ತೆಂದು ಆಮೇಲೆ ಶರಣಮ್ಮಕ್ಕ ಓಣಿಯ ತುಂಬ ಹೇಳಿಕೊಂಡು ಬಂದಳು. ಇದಕ್ಕೆ ಆಧಾರವೇನು ಎಂದು ನಾನು ಕೇಳಬಹುದಿತ್ತು. ಆದರೆ ಹದಿನೈದು ಮಂದಿ ಸಾಕ್ಷಿಗಳಿದ್ದರು.